ಬಾಂಬ್ ಶೆಲ್ಟರಿನಲ್ಲಿ ವರಮಹಾಲಕ್ಷ್ಮಿ

ಹೆದರಿಕೆಗೆ ‘ಬೇರೆಯವರ ಭಾವನೆಗೆ ಬೆಲೆ ಕೊಡುವುದು’ ಎಂದು ಚೆಂದದ ಹೆಸರಿಟ್ಟುಕೊಂಡು ಬದುಕುವವರಲ್ಲಿ ನಾನೂ ಒಬ್ಬಳು. ಸಿಂಗಪುರದ ಸೆಂಗ್‌ಕಾಂಗ್‌ನ ನಮ್ಮ ಮಹಡಿಯಲ್ಲಿ ನಾಲ್ಕು ಮನೆ. ಮೂರರ ಬಾಗಿಲಿನ ಮೇಲೆ ಶಿಲುಬೆ. ನಮ್ಮ ಬಾಗಿಲಿಗೆ ಮಾವಿನೆಲೆಯ ತೋರಣವಿದೆ, ಆದರೆ ಒಳಗಡೆಯಿಂದ. ಇಷ್ಟು ವರ್ಷಗಳಲ್ಲಿ ಅವರು ಯಾರೂ ಒಂದು ಮಾತು ಅಂದವರಲ್ಲ. ಅನ್ನಬಹುದು ಎಂದು ಅವರ ಪರವಾಗಿ ನಾನೇ ಅಂದುಕೊಂಡು, ಊದುಬತ್ತಿ ಹಚ್ಚುವಾಗ ಅಡುಗೆಮನೆಯ ಚಿಮಣಿ ಹಾಕುತ್ತಿದ್ದೆ.

ಈ ಸಲದ ವರಮಹಾಲಕ್ಷ್ಮಿ ಹಬ್ಬಕ್ಕೆ ಪೇಚಿಗೆ ಸಿಕ್ಕಿಕೊಂಡೆ. ಹಬ್ಬ ಬರುವುದೇ ಶುಕ್ರವಾರ. ಕನ್ನಡದ ಗೆಳತಿಯರೆಲ್ಲ ಪಾಯಾ ಲೆಬಾರ್‌ನ ಆಫೀಸುಗಳಲ್ಲಿ ಮೀಟಿಂಗಿನಲ್ಲಿ ಕೂತಿರುತ್ತಾರೆ. ತಾಂಬೂಲ ತೆಗೆದುಕೊಳ್ಳಲು ಒಬ್ಬ ಮುತ್ತೈದೆಯೂ ಬಾರದಿದ್ದರೆ ಅದೆಂಥ ವ್ರತ? ನನಗೆ ಅಳುವೇ ಬಂತು. ಕೊನೆಗೆ ಧೈರ್ಯ ಮಾಡಿ ಎದುರುಮನೆಯ ಗ್ರೇಸ್ ಆಂಟಿಯನ್ನು ಕರೆದೆ. ನಿವೃತ್ತ ಟೀಚರ್, ಒಂದು ಭಾನುವಾರವೂ ಚರ್ಚು ತಪ್ಪಿಸದವರು. “ಚರ್ಚಿನ ಫ್ರೆಂಡ್ಸ್ ಇಬ್ಬರನ್ನೂ ಕರ್ಕೊಂಡು ಬರ್ಲಾ?” ಎಂದು ಕೇಳಿದರು. ಹೂಂ ಅಂದೆ, ಮನೆಗೆ ಬಂದು ಬೆವರಿದೆ.

ಹಾಲ್‌ನಲ್ಲಿ ಸೀರೆ ಉಟ್ಟು ಕೂತ ದೇವಿಯನ್ನು ಕಂಡು ಅವರಿಗೆ ಮುಜುಗರವಾದರೆ? ಇಲ್ಲಿನ ಫ್ಲ್ಯಾಟುಗಳಲ್ಲಿ ಯುದ್ಧಕಾಲಕ್ಕೆಂದು ದಪ್ಪ ಗೋಡೆ, ಉಕ್ಕಿನ ಬಾಗಿಲಿನ ಪುಟ್ಟ ಬಾಂಬ್ ಶೆಲ್ಟರ್ ಇರುತ್ತದೆ. ಯುದ್ಧ ಬರುವವರೆಗೆ ಅದರಲ್ಲಿ ಸೂಟ್‌ಕೇಸು, ಅಕ್ಕಿ ಚೀಲ. ನಾನು ಕಲಶವನ್ನು ಅಲ್ಲೇ ಕೂರಿಸಿಬಿಟ್ಟೆ. “ಲಕ್ಷ್ಮಿ ಸೇಫು ಬಿಡು,” ಎಂದು ನನ್ನ ಗಂಡ ಆಫೀಸಿಗೆ ಹೋದರು.

ಆಂಟಿಯರು ಮೂವರೂ ಹೊಸ ಬಟ್ಟೆ ಹಾಕಿಕೊಂಡು ಬಂದರು. ಕೋಸಂಬರಿ ತಿಂದರು, ಒಬ್ಬಟ್ಟು ತಿಂದರು, ಮೂಲೆಮೂಲೆಗೂ ಕಣ್ಣು ಹಾಯಿಸಿದರು. “ನಿನ್ನ ದೇವಿ ಎಲ್ಲಿ? ಸೀರೆ ಉಡಿಸ್ತೀರಂತೆ, ಅದನ್ನ ನೋಡೋಕೇ ಬಂದಿದ್ದು,” ಎಂದರು ಗ್ರೇಸ್ ಆಂಟಿ. ನಾನು ತೊದಲುವಷ್ಟರಲ್ಲಿ ನನ್ನ ಮಗಳು, “ಬಾಂಬ್ ಶೆಲ್ಟರಲ್ಲಿ ಲಾ, ಆಂಟಿ,” ಎಂದು ಇಲ್ಲಿನವರ ಧಾಟಿಯಲ್ಲೇ ಅಂದುಬಿಟ್ಟಳು. ಹೊರಗೆ ತರೋಣವೆಂದರೆ, ಪೂಜೆಯಾದ ಕಲಶವನ್ನು ಮರುದಿನದವರೆಗೆ ಕದಲಿಸುವಂತಿಲ್ಲ. ಮೂವರೂ ಸೂಟ್‌ಕೇಸುಗಳ ಸಂದಿಯಲ್ಲಿ ಅಡ್ಡಡ್ಡ ನುಸುಳಿ ಒಳಗೆ ಹೋದರು. ಬೆಳ್ಳಿಯ ಮುಖ ನೋಡಿದರು, ಬಳೆ ನೋಡಿದರು, ಸೀರೆಯ ನೆರಿಗೆ ನೀನೇ ಹಿಡಿದದ್ದಾ ಎಂದು ಕೇಳಿದರು. “ನಾನು ಪ್ರೇ ಮಾಡಲ್ಲ, ಬರೀ ನೋಡ್ತೀನಿ, ಓಕೆನಾ?” ಎಂದ ಗ್ರೇಸ್ ಆಂಟಿ ಕುಂಕುಮ ಬೇಡವೆಂದು ನಯವಾಗಿ ಹೇಳಿ, ಹೂವಿಗೆ ತಾವಾಗಿಯೇ ತಲೆ ಬಗ್ಗಿಸಿದರು. ತಾಂಬೂಲಕ್ಕೆ ಎರಡೂ ಕೈ ಚಾಚಿದರು. ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ. ಗಂಟೆ ಬಾರಿಸಿ ಇನ್ನೊಂದು ಆರತಿ ಎತ್ತಿಯೇಬಿಟ್ಟೆ. ಆ ಕಾಂಕ್ರೀಟಿನೊಳಗೆ ನಾಲ್ವರ ಕಿವಿಯೂ ಗುಂಯ್ ಎಂದಿತು.

ಇನ್ನು ಹೆದರಿಕೆ ಸಾಕು, ಮುಂದಿನ ವರ್ಷ ದೇವಿ ಹಾಲ್‌ನ ನಟ್ಟನಡುವೆ ಎಂದು ತೀರ್ಮಾನಿಸಿದೆ. ಮೊನ್ನೆ ಲಿಫ್ಟಿನಲ್ಲಿ ಗ್ರೇಸ್ ಆಂಟಿ ಯಾರಿಗೋ ವಿವರಿಸುತ್ತಿದ್ದರು: “ಎಷ್ಟು ಅರ್ಥ ಇದೆ ನೋಡಿ ಅವರ ಪದ್ಧತೀಲಿ. ಮನೇಲಿ ಎಲ್ಲಕ್ಕಿಂತ ಭದ್ರವಾದ ಜಾಗ ದೇವರಿಗೆ.” ಆಮೇಲೆ ನನ್ನ ಕಡೆ ತಿರುಗಿ, “ಅಲ್ವಾ? ಮುಂದಿನ ವರ್ಷ ಚರ್ಚಿಂದ ಇನ್ನೂ ಹತ್ತು ಜನ ಬರ್ತಾರಂತೆ, ಶೆಲ್ಟರ್ ನೋಡೋಕೆ,” ಎಂದರು. ಅಲ್ಲಿ ಇಟ್ಟದ್ದು ನಿಮಗೆ ಹೆದರಿ ಎಂದು ಯಾವ ಬಾಯಲ್ಲಿ ಹೇಳಲಿ? “ಹೌದು ಆಂಟಿ, ನಮ್ಮಲ್ಲಿ ಅದೇ ಶಾಸ್ತ್ರ,” ಅಂದೆ. ಈಗ ಸೂಟ್‌ಕೇಸುಗಳಿಗೆ ಬೇರೆ ಜಾಗ ಹುಡುಕುತ್ತಿದ್ದೇನೆ.