ಗಾಡಿ ಹೊಡೆಯುವವಳು ನಾನು, ಹೆಸರು ಸ್ಟೇರಿಂಗಿಗೆ

ನಾನು ಕಾರಿನ ಕೀಲಿ ಕೈಗೆತ್ತಿಕೊಂಡಾಗೆಲ್ಲ ಯಾರಾದರೊಬ್ಬರು ನನ್ನ ತಲೆ ಕೆಡಿಸುವ ಮಾತನ್ನು ಆಡಿಯೇ ಆಡುತ್ತಾರೆ. ಹುಬ್ಬಳ್ಳಿಯಲ್ಲಿ ನೀರಿಗೆ ಬರ ಬಂದೀತು, ಮಾತಿಗೆ ಬರುವುದಿಲ್ಲ. ಐವತ್ತು ದಾಟಿದ ಮೇಲೆ ಕಾರು ಕಲಿತವಳು ನಾನು. ಹಾರ ಹಾಕಿ ಅನ್ನುವುದಿಲ್ಲ. "ಛಲೋ ಹೊಡೀತೀರಿ" ಎಂದು ಒಬ್ಬರು, ಒಂದೇ ಒಂದು ಸಲ ಅಂದರೆ ಸಾಕು. ಅದಕ್ಕೂ ಗತಿಯಿಲ್ಲ!

೧. ರಟ್ಟೆಯ ಕಸುವು

ನಮ್ಮ ಹಳೆಯ ಕಾರಿನ ಸ್ಟೇರಿಂಗ್ ಬಲು ಬಿರುಸು. ಯಜಮಾನರು ಹಲ್ಲು ಕಚ್ಚಿಕೊಂಡೇ ಅದನ್ನು ತಿರುಗಿಸುತ್ತಿದ್ದರು. ನಾನೂ ಕಲಿಯುತ್ತೇನೆ ಅಂದರೆ, "ಅದಕ್ಕ ರಟ್ಟ್ಯಾಗ ಕಸುವು ಬೇಕ. ನಿನ್ನ ಕೈಲೆ ಆಗೂದಲ್ಲ," ಎನ್ನುತ್ತಿದ್ದರು. ಇಷ್ಟು ವರ್ಷ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದದ್ದು ಯಾರ ರಟ್ಟೆಯೋ ಏನೋ.

ಈಗ ಬಂದಿರುವ ಸಣ್ಣ ಕಾರಿಗೆ ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಇದೆ. ಒಳಗೊಂದು ಮೋಟಾರು ಕೂತು ಬಲ ಕೊಡುತ್ತದೆ, ಬೆರಳಿಟ್ಟರೆ ತಿರುಗುತ್ತದೆ. ನಾನು ಕಲಿತೆ, ಪರೀಕ್ಷೆ ಕೊಟ್ಟೆ, ಲೈಸನ್ಸ್ ತಂದೆ. ಮೊದಲ ಸಲ ಧಾರವಾಡಕ್ಕೆ ಹೋದ ದಿನ ಮೈದುನ ಬಾಗಿಲಿಗೇ ಬಂದು, "ವೈನಿ, ನೀವ ಹೊಡಕೊಂಡ ಬಂದ್ರೇನ್ರಿ?" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು, "ಅಕಿ ಎಲ್ಲಿ ಹೊಡೀತಾಳೋ? ಪವರ್ ಸ್ಟೇರಿಂಗ್ ಹೊಡೀತೈತಿ," ಎಂದರು.

"ಹಂಗಾರ ನಮ್ಮ ಮನ್ಯಾಗ ಅಡಗಿ ಕುಕ್ಕರ್ ಮಾಡ್ತೈತಿ. ನಾಳಿಂದ ಊಟ ಅದನ್ನ ಕೇಳ್ರಿ," ಎಂದೆ ನಾನು.

ಮರುದಿನ ಮಧ್ಯಾಹ್ನವಾದರೂ ಕುಕ್ಕರ್ ಸೀಟಿ ಹೊಡೆಯಲಿಲ್ಲ. ಅದಕ್ಕೂ ಬೇಜಾರಾಗಿತ್ತೋ ಏನೋ.

೨. ಕರೆಂಟ್ ಇಲ್ಲ

ಎದುರು ಮನೆಯ ಕಾಕುಗೆ ಧಾರವಾಡದ ಮಗಳ ಮನೆಗೆ ಹೋಗಬೇಕಿತ್ತು. ನಾನೇ ಬಿಟ್ಟು ಬರುತ್ತೇನೆಂದೆ. ಸೀರೆ ಉಟ್ಟು, ಚೀಲ ಹಿಡಿದು ಬಂದವರು ಕಾರಿನ ಬಾಗಿಲಲ್ಲೇ ನಿಂತರು.

"ಇದರ ಸ್ಟೇರಿಂಗ್ ಕರೆಂಟಿನ ಮ್ಯಾಲ ತಿರಗತೈತಂತಲ್ಲ, ಖರೇನ?"

"ಖರೇರಿ ಕಾಕೂ."

"ಹಂಗಾರ ಇವತ್ತ ಬ್ಯಾಡವಾ. ಓಣ್ಯಾಗ ಮುಂಜಾನಿಂದ ಕರೆಂಟ್ ಇಲ್ಲ!"

ಓಣಿಯ ಕರೆಂಟಿಗೂ ಕಾರಿಗೂ ಸಂಬಂಧವಿಲ್ಲ, ಕಾರಿನಲ್ಲೇ ಬ್ಯಾಟರಿ ಇದೆ ಎಂದು ತಿಳಿಸಿ ಹೇಳಿದೆ. ಕಾಕುವಿನ ಮುಖ ಅರಳಿತು. "ಇನ್ವರ್ಟರ್ ಐತಿ ಅನ್ನ ಮತ್ತ!" ಎಂದು ಹತ್ತಿ ಕೂತರು. ಬಿಸಿಲು ಸುಡುತ್ತಿತ್ತು. ಎಸಿ ಹಾಕಲು ಕೈ ಚಾಚಿದರೆ ಗಪ್ಪನೆ ಹಿಡಿದುಕೊಂಡರು. "ಫ್ಯಾನ್ ಹಚ್ಚಬ್ಯಾಡವಾ. ಇನ್ವರ್ಟರ್ ಲಗೂ ಇಳೀತೈತಿ."

ಧಾರವಾಡ ಮುಟ್ಟುವವರೆಗೂ ಇಬ್ಬರೂ ಬೆಂದೆವು. ಇಳಿಯುವಾಗ ಕಾಕು ಸ್ಟೇರಿಂಗಿಗೆ ಕೈ ಮುಗಿದರು. ಅದರ ಹಿಂದೆ ಕೂತವಳಿಗಲ್ಲ.

೩. ಸಡಿಲ

ನಾದಿನಿಯ ಮಗಳ ಮದುವೆ ಧಾರವಾಡದಲ್ಲಿ. "ಇವತ್ತ ನಾ ಹೊಡೀತೇನಿ," ಎಂದು ಯಜಮಾನರು ಕೀಲಿ ಕಸಿದುಕೊಂಡರು. ಬೀಗರ ಎದುರು ಗಂಡಸು ಪಕ್ಕದ ಸೀಟಿನಿಂದ ಇಳಿದರೆ ಮರ್ಯಾದೆ ಹೋಗುತ್ತದಂತೆ!

ಕಲ್ಯಾಣ ಮಂಟಪದ ಮುಂದಿನ ರಸ್ತೆ ಇಳಿಜಾರು. ಇಳಿಜಾರು ಕಂಡರೆ ನಮ್ಮವರ ಕೈ ಸುಮ್ಮನಿರುವುದಿಲ್ಲ. ಪೆಟ್ರೋಲ್ ಉಳಿಯಲೆಂದು ಕೀಲಿ ತಿರುವಿ ಎಂಜಿನ್ ಆರಿಸಿಬಿಟ್ಟರು. ಕೀಲಿ ಆಫ್ ಆದರೆ ಬಲ ಕೊಡುವ ಮೋಟಾರೂ ಆಫ್. ಗೇಟಿನ ಹತ್ತಿರ ತಿರುಗಿಸಲು ಹೋದರೆ ಸ್ಟೇರಿಂಗ್ ಕಲ್ಲಾಗಿತ್ತು. ಕಾರು ಅರ್ಧ ತಿರುಗಿ, ಗೇಟಿಗೆ ಅಡ್ಡವಾಗಿ ನಿಂತಿತು. ವಾಲಗದವರು ಊದುವುದನ್ನು ನಿಲ್ಲಿಸಿ ನೋಡತೊಡಗಿದರು.

"ಕೀಲಿ ತಿರುವ್ರಿ, ಎಂಜಿನ್ ಚಾಲೂ ಮಾಡ್ರಿ," ಎಂದೆ.

"ನೀ ಸುಮ್ಮನಿರ! ಪವರ್ ಕೆಟ್ಟೈತಿ ಇದರದು."

ತಲೆಗೆ ಪಟಕಾ ಸುತ್ತಿದ್ದ ಹಿರಿಯ ಬೀಗರು ಓಡಿ ಬಂದು, "ಜಗ್ರಿ ಸಾಹೇಬ್ರ, ಜೋರ್ ಹಾಕ್ರಿ!" ಎಂದು ಹುರಿದುಂಬಿಸಿದರು. ಯಜಮಾನರು ಸೀಟಿನಿಂದ ಮೇಲೆದ್ದು ಜಗ್ಗಿದರು. ಹೊಸ ಅಂಗಿ ಬೆನ್ನಿಗಂಟಿತು. ಸ್ಟೇರಿಂಗ್ ಮಾತ್ರ ಕದಲಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಇಳೀರಿ ಕೆಳಗ," ಎಂದೆ. ಇಳಿದರು. ನಾನು ಕೂತು ಕೀಲಿ ತಿರುವಿದೆ, ಎಂಜಿನ್ ಎದ್ದಿತು. ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸಿ, ಗೇಟು ದಾಟಿಸಿ, ಎರಡು ದೊಡ್ಡ ಗಾಡಿಗಳ ನಡುವೆ ಹಿಂದಕ್ಕೆ ತಂದು ನಿಲ್ಲಿಸಿದೆ. ಮಂದಿಯೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದರು. ಇವತ್ತು "ಛಲೋ ಹೊಡೀತೀರಿ" ಅಂದೇ ಅನ್ನುತ್ತಾರೆ ಎಂದುಕೊಂಡು ಸೆರಗು ಸರಿಮಾಡಿಕೊಂಡು ಇಳಿದೆ.

ಹಿರಿಯ ಬೀಗರು ನಗುತ್ತ ಬಂದರು. ನನ್ನನ್ನು ದಾಟಿ ಹೋಗಿ ನಮ್ಮವರ ಬೆನ್ನು ತಟ್ಟಿದರು.

"ಅಗದೀ ಛಲೋ ಆತ್ ನೋಡ್ರಿ ಸಾಹೇಬ್ರ! ನೀವು ಅಷ್ಟ ಜಗ್ಗಿ ಜಗ್ಗಿ ಸಡ್ಲ ಮಾಡಿ ಕೊಟ್ಟೀರಿ ಅಂತ ತಂಗಿ ಕೈಯಾಗ ತಿರಗಿತ್ರಿ!"

ನಮ್ಮವರು ಬೆವರು ಒರೆಸಿಕೊಳ್ಳುತ್ತ ಅಂದರು: "ಹೂನ್ರಿ, ಮದಲ ಭಾಳ ಬಿಗಿ ಇತ್ತು."