ಹಳ್ಳದ ದಂಡೆಗೆ ಬೇರು ಹಚ್ಚಿದ ಅತ್ತೆ

ನನ್ನ ಸೋದರತ್ತೆಯನ್ನು ಯಾವ ಮದುವೆಗೂ ಕರೆಯಬಾರದು! ಕರೆದರೆ ಉಂಡು ಸುಮ್ಮನೆ ಹೋಗುವವಳಲ್ಲ, ನಿಮ್ಮ ಹೊಲದ ಬದುವನ್ನೇ ಬೋಳಿಸಿಕೊಂಡು ಹೋಗುತ್ತಾಳೆ.

ಕಾರಣ, ರಾಮದುರ್ಗದ ಅವಳ ಮನೆಯ ಹಿಂದಿನ ಹಳ್ಳ. ಮಲಪ್ರಭೆ ತುಂಬಿತೆಂದರೆ ಹಳ್ಳದ ನೀರು ಹೊಳೆ ಸೇರಲಾರದೆ ಓಣಿಗೆ ನುಗ್ಗುತ್ತದೆ. ಒಂದು ಮಳೆಗಾಲ ಅವಳ ಬಚ್ಚಲುಮನೆಯನ್ನು ದಂಡೆಯ ಸಮೇತ ಎತ್ತಿಕೊಂಡು ಹೋಯಿತು. ಅಂದಿನಿಂದ ದಂಡೆ ಗಟ್ಟಿ ಮಾಡುವ ಹುಚ್ಚು. ಮಣ್ಣು ಹಿಡಿಯುವ ಲಾವಂಚದ ಬುಡವಾಗಲಿ, ಲಕ್ಕಿ ಗಿಡದ ಟೊಂಗೆಯಾಗಲಿ, ಕಂಡಲ್ಲಿ ಬಿಟ್ಟವಳಲ್ಲ. ನೆಂಟರಿಗೂ ತಾಕೀತು: "ಬಾಳಿಹಣ್ಣ ತರಬ್ಯಾಡ್ರಿ, ಎರಡ ಕಲ್ಲ ತರ್ರಿ!"

ಬೈಲಹೊಂಗಲದ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಮಾಯವಾದವಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕಂಕುಳಲ್ಲಿ ಕೆಸರು ಸೋರುವ ಲಾವಂಚದ ಗಂಟು.

"ಏನ್ರಿ ಅವ್ವಾರ, ಇದು?" ಎಂದ ಕಂಡಕ್ಟರ್.

"ನನ್ನ ಸೊಸ್ತ್ಯಾರಪಾ."

"ಹಂಗಾರ ಟಿಕೆಟ್ ತಗೀರಿ!"

"ಯಾಕೋ, ಹೆಣ್ಮಕ್ಕಳಿಗೆ ಫುಕಟ್ ಐತೆಲ್ಲ!"

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಅವಳ ಪರಿಚಯವೇ ಇಲ್ಲದವನಂತೆ ಕಿಟಕಿ ಕಡೆ ತಿರುಗಿದೆ.

ಅತ್ತೆಯ ಹಳ್ಳದ ಆಚೆ ದಂಡೆಯಲ್ಲಿ ಅವಳದೇ ವಯಸ್ಸಿನ ಮುದುಕಿಯೊಬ್ಬಳು. ಒಂಟಿ ಜೀವ, ಜೊತೆಗೊಂದು ಎಮ್ಮೆ. ಇಬ್ಬರಿಗೂ ದಿನಾ ಜಗಳ, ಹಳ್ಳದ ಮೇಲಿಂದಲೇ.

"ಹಳ್ಳಕ್ಕ ಹುಲ್ಲ ಹಚ್ಚತೀಯಲ್ಲ, ಹರಿಯೂ ಗಂಗವ್ವ ದನಾ ಏನ?"

"ನಿನ್ನ ಬಾಯಾಗೂ ಒಂದೀಟ ಹಚ್ಚತೇನಿ ತಡಿ!"

ಕಳೆದ ಮಳೆಗಾಲ ಹೊಳೆ ಏರುತ್ತಿದೆಯೆಂದು ಕೇಳಿ, ಅತ್ತೆಯನ್ನು ಕರೆತರಲು ನಮ್ಮೂರು ಯರಗಟ್ಟಿಯಿಂದ ಹೋದೆ. ಬರಲೊಲ್ಲಳು. "ದಂಡಿ ಬಿಟ್ಟ ಎಲ್ಲಿಗೆ ಬರ್ಲೋ?" ಮಧ್ಯಾಹ್ನದ ಹೊತ್ತಿಗೆ ಕೆಂಪು ನೀರು ಮರದ ಬೊಡ್ಡೆಗಳನ್ನು ಹೊತ್ತು ಬಂದು ಅವಳ ದಂಡೆಗೆ ಗುದ್ದಿತು. ಲಾವಂಚ ಅಡ್ಡಬಿದ್ದಿತು, ಮಣ್ಣು ಮಾತ್ರ ಕದಲಲಿಲ್ಲ. "ನೋಡೋ, ನಿಂತೈತಿ!" ಅತ್ತೆ ಚಪ್ಪಾಳೆ ಹೊಡೆದಳು.

ಚಪ್ಪಾಳೆ ಮುಗಿದಿರಲಿಲ್ಲ. ಇಲ್ಲಿ ಗುದ್ದಿ ತಿರುಗಿದ ನೀರು ಆಚೆ ದಂಡೆಯನ್ನು ಬುಡದಿಂದ ಕಿತ್ತಿತು. ಮುದುಕಿಯ ಅಡುಗೆಮನೆಯ ಗೋಡೆ ಕುಸಿಯಿತು. ಬೆನ್ನಿಗೇ ಗೂಟದ ಸಮೇತ ಎಮ್ಮೆ ಹೋಯಿತು. ಒಮ್ಮೆ ಮಾತ್ರ ಕೂಗಿತು. ಮುಂಬಾಗಿಲಲ್ಲಿದ್ದ ಮುದುಕಿ ಉಳಿದಳು.

ಅತ್ತೆ ಅಂದು ಉಣ್ಣಲಿಲ್ಲ. "ನನ್ನ ದಂಡಿ ಗಟ್ಟಿ ಮಾಡಿ ಆಕೀದು ಕೆಡವಿದ್ನೆಲ್ಲೋ," ಎಂದದ್ದಷ್ಟೇ. ಅದು ಸುಳ್ಳೂ ಆಗಿರಲಿಲ್ಲ.

ನೀರಿಳಿದ ಮೇಲೆ ಹಾರೆ, ಸಸಿಯ ಗಂಟು ಹೊತ್ತು ಆಚೆ ದಂಡೆಗೆ ನಡೆದಳು. ನಾನೂ ಹಿಂದೆ ಹೋದೆ. ಮುದುಕಿ ಬಾಯಿಗೆ ಬಂದಂತೆ ಬೈದಳು. ಅತ್ತೆ ತಲೆ ಎತ್ತದೆ ಕುಣಿ ತೋಡಿದಳು. ಕಡೆಗೆ ಕೆಮ್ಮು ಬಂದು ಮುದುಕಿಯ ಮಾತು ನಿಂತಿತು.

"ಹಳ್ಳದ ಮ್ಯಾಲಿಂದ ದಿನಾ ಎಷ್ಟಂತ ಒದರ್ತೀ? ಗಂಟಲ ಹರೀತೈತಿ," ಅತ್ತೆ ಮೆಲ್ಲಗೆ ಅಂದಳು. "ನಮ್ಮನಿಗೆ ಬಾ. ಒಲಿ ಮುಂದ ಕುಂತ ಜಗಳಾಡೂಣು."

ಮುದುಕಿ ಅತ್ತೆಯ ಮಣ್ಣುಗೈ ಹಿಡಿದುಕೊಂಡು, ಎಮ್ಮೆಯ ಹೆಸರು ಕರೆಕರೆದು ಅಳತೊಡಗಿದಳು. ಅತ್ತೆ ಹಾರೆ ಕೆಳಗಿಟ್ಟು ಅವಳ ಪಕ್ಕ ಕೆಸರಿನಲ್ಲೇ ಕೂತಳು.