ಬಾಗಲಕೋಟೆಯಿಂದ ಇಳಕಲ್ಲಿಗೆ ಮುನ್ನೂರು ಪುಟ

ನಾನು ಶಾಲೆ ಬಿಟ್ಟದ್ದು ೧೯೯೩ರಲ್ಲಿ, ಏಳನೆಯ ಇಯತ್ತೆ ಮುಗಿಸಿ. ಶಾಲೆಯೇ ನನ್ನನ್ನು ಬಿಟ್ಟಿತು ಎನ್ನುವವರೂ ನಮ್ಮ ಕಮತಗಿಯಲ್ಲಿ ಇದ್ದಾರೆ. ಅವರ ಮನೆಯ ಗೋಡೆಗಳನ್ನೂ ನಾನೇ ಕಟ್ಟಿದ್ದರಿಂದ ಅವರ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪ ಗೌಂಡಿ, ನಾನೂ ಗೌಂಡಿ. ನಾನು ಕಾಲಿಡದೇ ಹೋದ ಹೈಸ್ಕೂಲಿಗೆ ಮುಂದೆ ಎರಡು ಕೋಣೆಗಳನ್ನು ಕಟ್ಟಿದವನು ಇದೇ ನಾನು. ಅಲ್ಲಿ ಕಲಿತವರ ತಲೆಯಿಂದ ಕಲಿತದ್ದೆಲ್ಲ ಯಾವಾಗಲೋ ಸೋರಿಹೋಗಿರಬಹುದು. ನನ್ನ ಕೋಣೆಗಳು ಮಾತ್ರ ಇವತ್ತಿಗೂ ಸೋರಿಲ್ಲ!

ಹೀಗೆ ನೆಮ್ಮದಿಯಾಗಿದ್ದ ನನಗೆ ದೇವರು ಒಬ್ಬ ಕಾಕಾನನ್ನು ದಯಪಾಲಿಸಿದ. ಅಪ್ಪನ ಚಿಕ್ಕ ತಮ್ಮ, ಬಸ್ ಕಂಡಕ್ಟರ್. ಜನರನ್ನು ಅವರವರ ಊರಿನಲ್ಲಿ ಇಳಿಸದೆಯೂ ಬೈಗುಳ ತಿನ್ನದ ಕಂಡಕ್ಟರ್ ಇಡೀ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಕಾಕಾ ಒಬ್ಬರೇ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಅವರ ಚರ್ಮದ ಚೀಲದ ಒಂದು ಖಾನೆಯಲ್ಲಿ ಟಿಕೀಟು, ಇನ್ನೊಂದರಲ್ಲಿ ಕಾದಂಬರಿ. ಬಾಗಲಕೋಟೆ-ಇಳಕಲ್ಲ ದಾರಿಯಲ್ಲಿ ಇಪ್ಪತ್ತಾರು ವರ್ಷ ನೌಕರಿ. ಹತ್ತಿದವರ ಕೈಗೆ ಮೊದಲು ಟಿಕೀಟು ಕೊಡುತ್ತಿದ್ದರು, ಆಮೇಲೆ ಮುಖ ನೋಡಿ ಪುಸ್ತಕ. ಸೊಸೆಯ ಮೇಲೆ ಸಿಟ್ಟು ಮಾಡಿಕೊಂಡು ಹೊರಟ ಅತ್ತೆಗೆ ನಗೆಬರಹ. ಕೋರ್ಟಿಗೆ ಹೊರಟವನಿಗೆ ಪತ್ತೇದಾರಿ. "ನಿಮ್ಮ ವಕೀಲರಿಗಿಂತಾ ಇದು ಲಗೂನ ತೀರ್ಪು ಕೊಡತೈತಿ, ಓದ್ರಿ" ಎನ್ನುವುದು ಅವರ ಸಮಾಧಾನ.

ಒಮ್ಮೆ ಅಮೀನಗಡದಲ್ಲಿ ಇಳಿಯಬೇಕಾದ ಒಬ್ಬರು, ಕಾಕಾ ಕೊಟ್ಟ ಪುಸ್ತಕದಲ್ಲಿ ಮುಳುಗಿ, ತಲೆ ಎತ್ತಿದಾಗ ಹುನಗುಂದದ ಸ್ಟ್ಯಾಂಡಿನಲ್ಲಿದ್ದರು. ಕೆಂಡವಾಗಿ ಎದ್ದರು.

"ಏನ್ರಿ ಕಂಡಕ್ಟರ್, ಅಮೀನಗಡ ಬಂದಾಗ ಹೇಳಬೇಕೋ ಬ್ಯಾಡೋ?"

"ಹೇಳಾಕ ಬಂದಿದ್ದೆ ಸಾಹೇಬ್ರ. ಬಂದು ನೋಡಿದ್ರ ನೀವು ಅಕ್ಕ ತಂಗಿ ಹನ್ನೆರಡು ವರ್ಷದ ಮ್ಯಾಲೆ ಮಾತಾಡೋ ಪುಟದಾಗ ಇದ್ರಿ. ಅಲ್ಲಿ ಸೀಟಿ ಊದಿದ್ರ ನನಗ ಪಾಪ ಹತ್ತೂದಿಲ್ಲೇನ್ರಿ?"

ಆ ಮನುಷ್ಯ ಪುಸ್ತಕ ಮತ್ತೆ ತೆರೆದರಂತೆ. "ಹತ್ತತೈತಿ, ಖರೆ ಐತಿ" ಎಂದು ಅಲ್ಲೇ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಉಳಿದದ್ದನ್ನೂ ಓದಿ ಮುಗಿಸಿ, ಪುಸ್ತಕ ಕೊಟ್ಟು, ತಿರುಗುವ ಬಸ್ಸಿಗೆ ಅಮೀನಗಡಕ್ಕೆ ಹೋದರಂತೆ!

ಇಂಥ ಕಾಕಾ ಪುಸ್ತಕಗಳನ್ನು ಪುಟದ ಲೆಕ್ಕದಲ್ಲಿ ಓದಿಯಾರೇ? ಅವರ ಪ್ರಕಾರ ಜಗತ್ತಿನ ಯಾವ ಪುಸ್ತಕವೇ ಆಗಲಿ, ಅದು ಬಾಗಲಕೋಟೆಯಲ್ಲಿ ಹೊರಟು ಇಳಕಲ್ಲಿಗೆ ಮುಟ್ಟುತ್ತದೆ. ನಡುವೆ ಶಿರೂರು, ಕಮತಗಿ, ಅಮೀನಗಡ, ಹುನಗುಂದ. ಮುನ್ನೂರು ಪುಟದ ಪುಸ್ತಕವಾದರೆ ಅರವತ್ತಕ್ಕೆ ಶಿರೂರು, ನೂರಿಪ್ಪತ್ತಕ್ಕೆ ಕಮತಗಿ, ಹೀಗೆ. "ಎಷ್ಟು ಓದಿದಿ?" ಎಂದು ಅವರು ಯಾರನ್ನೂ ಕೇಳುವುದಿಲ್ಲ. "ಎಲ್ಲಿ ಅದೀ?" ಎನ್ನುತ್ತಾರೆ. ವಿಮರ್ಶೆಯೂ ಅದೇ ಭಾಷೆಯಲ್ಲಿ. ಒಂದೇ ಉಸಿರಿಗೆ ಓದಿಸುವ ಲೇಖಕ ನಾನ್‌ಸ್ಟಾಪ್. ವರ್ಣನೆ ಜಾಸ್ತಿಯಾದರೆ, "ಇವ ಇಳಕಲ್ಲಿಗೆ ಅಂತ ಹತ್ತಿಸಿಕೊಂಡು ಬಾದಾಮಿ ಸುತ್ತಿಸ್ತಾನ. ಗುಡಿ, ಗವಿ ಎಲ್ಲಾ ತೋರಸ್ತಾನ, ಇಲ್ಲಂತಲ್ಲ. ಆದ್ರ ಮನಿ ಮುಟ್ಟೂದು ಹೊತ್ತಾಗತೈತಿ!"

ಹದಿನೆಂಟು ವರ್ಷಗಳ ಹಿಂದೆ ಅವರ ಕಣ್ಣು ನನ್ನ ಮೇಲೆ ಬಿತ್ತು. ನಾನು ಗೋಡೆಗೆ ಕಟ್ಟಿದ ಪರಾಂಚಿಯ ಅಟ್ಟಣೆಯ ಮೇಲೆ ನಿಂತು ಕೆಲಸ ಮಾಡುತ್ತಿದ್ದೆ. ಕಾಕಾ ಕೆಳಗಿನಿಂದ ಒಂದು ಪುಸ್ತಕವನ್ನು ಇಟ್ಟಿಗೆ ಎಸೆದಂತೆ ಎಸೆದರು. ಗೌಂಡಿಯ ಕೈ ನೋಡಿ, ತಪ್ಪಲಿಲ್ಲ, ಹಿಡಿದುಬಿಟ್ಟೆ. ಅದೇ ನಾನು ಮಾಡಿದ ತಪ್ಪು! ಅಂದಿನಿಂದ ಎರಡು ಮೂರು ತಿಂಗಳಿಗೊಂದು ಪುಸ್ತಕ ಬರತೊಡಗಿತು. ನಾನು ಒಂದಿಷ್ಟು ಓದಿ, ಆಕಳಿಸಿ, ಮಡಚಿಟ್ಟು, ಕಾಕಾ ಬಂದಾಗ ತಿರುಗಿ ಕೊಡುತ್ತಿದ್ದೆ. ರಜೆಯ ದಿನ ಕಾಕಾ ಕೆಲಸದ ಜಾಗಕ್ಕೇ ಬಂದು ಗೌಂಡಿ ಕೆಲಸದ ಒಂದೊಂದರ ಹೆಸರು ಕೇಳಿ ತಲೆ ತಿನ್ನುತ್ತಿದ್ದರು, ಉಳಿದ ದಿನ ಫೋನು ಮಾಡುತ್ತಿದ್ದರು.

"ಎಲ್ಲಿ ಅದೀಲೇ?"

"ಕಮತಗಿಯೊಳಗ ಅದೇನಿ ಕಾಕಾ."

"ಊರಾಗೋ, ಪುಸ್ತಕದಾಗೋ?"

"ಎರಡೂ ಕಡೆ!"

"ಹೋದ ಪುಸ್ತಕಕ್ಕೂ ಕಮತಗಿಯೊಳಗ ಇಳದಿ."

"ನಮ್ಮೂರು ಬಂದ ಮ್ಯಾಲೆ ಮುಂದ ಯಾಕ ಹೋಗಲಿ ಕಾಕಾ? ಟಿಕೀಟ್ ಇಲ್ಲೀತನಕಾನ ಇರೋದು."

ಏಳನೆಯ ಇಯತ್ತೆಯ ಟಿಕೀಟು ಎಂದು ಬಾಯಿ ಬಿಟ್ಟು ಹೇಳಲಿಲ್ಲ. ನನಗೂ ಮರ್ಯಾದೆ ಇದೆಯಲ್ಲ! ಹೀಗೆ ಆರು ವರ್ಷ ನಾನು ಕಮತಗಿ ದಾಟಲಿಲ್ಲ.

ದಾಟಿಸಿದ್ದು ಒಂದು ಸಾವು.

ಅವತ್ತು ನಾನು ಫೋನು ಮನೆಯಲ್ಲೇ ಮರೆತು ಕೆಲಸಕ್ಕೆ ಹೋಗಿದ್ದೆ. ಕಾಕಾ ಫೋನು ಮಾಡಿದರು. ಎತ್ತಿದವಳು ನನ್ನ ಹೆಂಡತಿ. ಕಾಕಾ ಗದ್ಗದಿತರಾಗಿ, "ನಿನ್ನ ಗಂಡಗ ಹೇಳವಾ, ಹುನಗುಂದದಾಗ ಅಜ್ಜ ಹೋಗಿಬಿಟ್ಟ. ನನಗ ತಡಕೊಳ್ಳಾಕ ಆಗವಲ್ದು" ಎಂದು ಹೇಳಿ ಇಟ್ಟರು. ನನ್ನ ಹೆಂಡತಿಯ ತವರು ಯಾವುದು? ಹುನಗುಂದ! ಅಲ್ಲಿ ಅವಳ ಅಜ್ಜನಿಗೆ ವಯಸ್ಸೆಷ್ಟು? ಎಂಬತ್ತರ ಮೇಲೆ! ಆಕೆ ಹಾಗೇ ಗೋಡೆಗೆ ಒರಗಿ ಬೋರಾಡಿ ಅತ್ತಳು. ಓಣಿಯ ಹೆಂಗಸರು ಕೂಡಿದರು. ಒಂದು ಟಂಟಂ ಗೊತ್ತು ಮಾಡಿ, ಕೈಯಲ್ಲಿ ದೊಡ್ಡದೊಂದು ಚೆಂಡುಹೂವಿನ ಮಾಲೆ ಹಿಡಿದು, ಎಂಟು ಜನ ಹೊರಟೇಬಿಟ್ಟರು. ನನ್ನನ್ನೂ ಕೆಲಸದಿಂದಲೇ ಎಬ್ಬಿಸಿ ಹತ್ತಿಸಿಕೊಂಡರು. ಕಾಲಿನ ಸಿಮೆಂಟು ತೊಳೆಯುವುದಕ್ಕೂ ಬಿಡಲಿಲ್ಲ.

ಹುನಗುಂದದಲ್ಲಿ ಅಜ್ಜ ಕಟ್ಟೆಯ ಮೇಲೆ ಕೂತು ಗಿರಮಿಟ್ಟು ತಿನ್ನುತ್ತಿದ್ದ. ಟಂಟಂ ತುಂಬ ಅಳುವವರನ್ನು ಕಂಡು ಗಾಬರಿಯಾಗಿ ಕೇಳಿದ, "ಯಾರು ಹೋದ್ರು ಯವ್ವಾ?"

ಯಾರು ಹೇಳಬೇಕು? ಹೆಂಡತಿ ಮಾಲೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಅದೇನು ಬಚ್ಚಿಡುವ ಅಳತೆಯದೇ? ಎರಡೂ ಕಡೆ ಇಳಿಬಿದ್ದಿತ್ತು.

"ಮಾಲಿ ಯಾರಿಗ?"

"ನಿಮಗ ಅಜ್ಜಾ..." ಎಂದವಳು ನಾಲಿಗೆ ಕಚ್ಚಿಕೊಂಡು, "ಇವತ್ತು ನಿಮ್ಮ ಹುಟ್ಟುಹಬ್ಬ ಅಲ್ಲೇನು!" ಎಂದುಬಿಟ್ಟಳು.

ಅಜ್ಜ ತನ್ನ ಹುಟ್ಟಿದ ದಿನವನ್ನು ಎಂದೂ ತಿಳಿದವನಲ್ಲ. ಭಾಳ ಖುಷಿಪಟ್ಟ. "ಇಷ್ಟು ವರ್ಷದಾಗ ಒಬ್ಬರರೆ ನೆನಪು ಮಾಡಿದ್ದಿಲ್ಲ ನೋಡು. ಆದ್ರ ಎಲ್ಲಾರೂ ಅಳಾಕ ಯಾಕ ಹತ್ತೀರಿ?" ಎಂದು ಕೊರಳೊಡ್ಡಿದ. ನಾವು ಹಾಕಿದೆವು. ಆ ಅಜ್ಜ ಆಮೇಲೂ ಏಳು ಹುಟ್ಟುಹಬ್ಬ ಮಾಡಿಸಿಕೊಂಡ, ಪ್ರತಿ ವರ್ಷ ಅದೇ ತಾರೀಖಿಗೆ!

ಸತ್ತದ್ದು ಕಾಕಾನ ಕಾದಂಬರಿಯ ಅಜ್ಜ, ಇನ್ನೂರ ನಲವತ್ತನೆಯ ಪುಟದಲ್ಲಿ. ಹೆಂಡತಿ ಫೋನಿನಲ್ಲಿ ಕಾಕಾನನ್ನು ಝಾಡಿಸಿದಳು. ಕಾಕಾ ಶಾಂತವಾಗಿ ಹೇಳಿದರು, "ನಾ ಇದನ್ನ ಎರಡನೇ ಸಲಾ ಓದಾಕ ಹತ್ತೇನಿ, ಆದ್ರೂ ಅಳು ತಡೀಲಿಲ್ಲ. ಓದದಿದ್ದವರಿಗೆ ಹಿಂಗ ಆಗತೈತಿ ತಂಗೀ. ಓದಿದ್ರ ಯಾವ ಅಜ್ಜ ಅಂತ ತಿಳೀತಿತ್ತು."

ನಾನು ಫೋನು ಕಸಿದುಕೊಂಡೆ. "ಕಾಕಾ, ಆ ಪುಸ್ತಕಾ ನನ್ನ ಕಡೆನೂ ಐತಿ. ಕೊನೀಗೆ ಏನಾಗತೈತಿ ಅಂತ ಮೊದಲ ಹೇಳಿಬಿಟ್ರೆಲ್ಲ!"

"ಕೊನಿ ಎಲ್ಲೈತಿಲೇ? ಇನ್ನಾ ಇಳಕಲ್ಲ ಐತಿ."

ನನಗೆ ಛಲ ಹುಟ್ಟಿತು. ನನ್ನ ಅರ್ಧ ದಿನದ ಕೆಲಸ ಕೆಡಿಸಿದ, ಎಂಟು ಜನರ ಕಣ್ಣೀರು ತಿಂದ ಆ ಅಜ್ಜ ಎಂಥವನು ನೋಡಿಯೇಬಿಡೋಣ ಎಂದು ಕೂತೆ. ಕಮತಗಿ ಬಂತು, ಇಳಿಯಲಿಲ್ಲ. ಅಮೀನಗಡ ದಾಟಿತು. ಹುನಗುಂದದಲ್ಲಿ ಅಜ್ಜ ಸತ್ತ. ಏನು ಹೇಳಲಿ, ಈ ಸಲ ಅತ್ತವನು ನಾನು! ಹೆಂಡತಿ ಅಡುಗೆಮನೆಯಿಂದ ಇಣುಕಿ, "ಈಗ ಯಾರಿಗೆ ಮಾಲಿ ತರಲಿ?" ಎಂದಳು.

ಆಮೇಲೆ ನಾನು ಯಾವ ಪುಸ್ತಕವನ್ನೂ ನಡುವೆ ಬಿಟ್ಟವನಲ್ಲ.

ಕಾಕಾ ನಿವೃತ್ತರಾಗಿ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನೆಲೆಸಿದರು. ಮೂರು ಕೋಣೆಗಳಲ್ಲಿ ಎರಡು ಪುಸ್ತಕಗಳಿಗೆ. "ನನಗ ನಿಂದ್ರಾಕ ಜಾಗಾ ಬೇಕಂದ್ರ ನಾನೂ ರಟ್ಟು ಹಾಕಿಸಿಕೋಬೇಕು" ಎನ್ನುತ್ತಾರೆ ಅವರ ಮನೆಯಾಕೆ, ನಮ್ಮ ಕಾಕೂ. ಪ್ರತಿ ತಿಂಗಳ ಕೊನೆಯ ರವಿವಾರ ಅವರ ಪಡಸಾಲೆಯಲ್ಲಿ ಓದುಗರು ಕೂಡುತ್ತಾರೆ. ಮಾಸ್ತರರು, ಕಾಲೇಜಿನವರು, ಬ್ಯಾಂಕಿನವರು, ಒಬ್ಬ ಡಾಕ್ಟರರು. ಒಬ್ಬೊಬ್ಬರೂ ತಮಗೆ ಹಿಡಿಸಿದ ಒಂದು ಪುಸ್ತಕ ತರಬೇಕು. "ಚಲೋ ಐತಿ" ಎಂಬ ಮಾತಿಗೆ ಅಲ್ಲಿ ನಿಷೇಧವಿದೆ. ಕೂತವರಲ್ಲಿ ಅದು ಯಾರಿಗೆ ತಕ್ಕದ್ದು, ಯಾಕೆ ಎಂದು ಹೇಳಿ, ಅವರ ಕೈಗೇ ಕೊಡಬೇಕು.

ನಾನು ಹೋಗುತ್ತಿದ್ದೆ, ಚಪ್ಪಲಿಗಳ ಪಕ್ಕ ಕೂಡುತ್ತಿದ್ದೆ, ಚಹಾ ಕುಡಿದು ಬರುತ್ತಿದ್ದೆ. ಬಾಯಿ ಬಿಟ್ಟವನಲ್ಲ. ಇಂಜಿನಿಯರನ ನಕ್ಷೆ ಒಂದು ಇಂಚು ತಪ್ಪಿದರೂ ಅವನ ಮುಖಕ್ಕೇ ಹೇಳುವ ಗಂಡಸು ನಾನು. ಆದರೆ ಆ ಪಡಸಾಲೆಯಲ್ಲಿ ಯಾರಾದರೂ "ಸಂವೇದನೆ" ಎಂದ ಕೂಡಲೇ ನಾನು ಚಪ್ಪಲಿಗಳ ಕಡೆ ಇನ್ನಷ್ಟು ಸರಿಯುತ್ತಿದ್ದೆ. ನಾನು ಎದ್ದು ಏನೋ ಹೇಳಿ, ಅವರು ಒಬ್ಬರ ಮುಖ ಒಬ್ಬರು ನೋಡಿ, "ಎಲ್ಲೀತನಕಾ ಕಲ್ತೀರಿ?" ಎಂದು ಕೇಳಿಬಿಟ್ಟರೆ? ಮೂವತ್ತು ವರ್ಷ ದುಡಿದು ಕಟ್ಟಿದ ಮರ್ಯಾದೆ ಒಂದು ಪ್ರಶ್ನೆಗೆ ಕುಸಿದರೆ ಮತ್ತೆ ಯಾವ ಗಾರೆಯಿಂದ ಎಬ್ಬಿಸಲಿ?

ಈ ವರ್ಷ ಕಾಕಾ ನನ್ನ ಒಪ್ಪಿಗೆ ಕೇಳಲಿಲ್ಲ. "ಈ ರವಿವಾರ ನಿಂದು ಪಾಳಿ. ಪುಸ್ತಕಾ ತಗೊಂಡು ಬಾ. ಬರದಿದ್ರ ನಾನೂ ಬಾಯಿ ತೆರೆಯಂಗಿಲ್ಲ, ಮಂದಿ ಚಹಾ ಕುಡದು ಎದ್ದು ಹೋಗಲಿ" ಎಂದರು.

ಹೋದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಓದಿ ಮುಗಿಸಿದ ಕಾದಂಬರಿ ಹಿಡಿದು ನಿಂತೆ. ಹೇಳಿದೆ: ಇದರೊಳಗೊಬ್ಬ ಅಪ್ಪ ಇದ್ದಾನೆ, ಮಗ ಏನು ಮಾಡಿದರೂ ಸಿಟ್ಟಿಲ್ಲ, ಸಂತೋಷವಿಲ್ಲ, ಅವನು ನಿರ್ಲಿಪ್ತ ಎಂದು ಬರೆದಿದ್ದಾರೆ, ಆ ಪುಟವನ್ನೇ ನಾನು ಮೂರು ಸಲ ಓದಿದೆ.

ನಿವೃತ್ತ ಲೆಕ್ಚರರ್ ಮೇಡಮ್ಮೊಬ್ಬರು ಕನ್ನಡಕ ಸರಿಮಾಡಿಕೊಂಡರು. ಬಂತಲ್ಲ ಎಂದುಕೊಂಡೆ. "ನಾ ಈ ಶಬ್ದಾ ವರ್ಷಾನುಗಟ್ಟಲೆ ಕಲಿಸೇನ್ರಿ. ಹುಡುಗರಿಗೆ ತಿಳೀತಿದ್ದಿಲ್ಲ. ನೀವು ಹೆಂಗ ತಿಳಕೊಂಡ್ರಿ?"

"ಅದರಾಗೇನೈತ್ರಿ ಮೇಡಮ್? ಗಿಲಾವ್ ಹಿಡೀಲಾರದ ಗ್ವಾಡಿ ಇರತಾವಲ್ರಿ, ಎಷ್ಟು ಗಾರೆ ಮೆತ್ತಿದ್ರೂ ಜಾರಿ ಕೆಳಗ ಬೀಳತೈತಿ, ತಾ ಏನೂ ಹಚ್ಚಿಕೊಳ್ಳಂಗಿಲ್ಲ. ಆ ಅಪ್ಪ ಹಂಗ."

ಮೇಡಮ್ಮು ಕನ್ನಡಕ ತೆಗೆದು ಕೆಳಗಿಟ್ಟರು. ಕೆಟ್ಟೆ ಎಂದುಕೊಂಡೆ. ಮೇಡಮ್ಮು ತೊಡೆ ತಟ್ಟಿದರು. "ಲೇಪ ಹತ್ತಲಾರದ್ದು ನಿರ್ಲಿಪ್ತ! ಏನ್ ಚಂದ ಹೇಳಿದ್ರಿ! ಯಾವ ನಿಘಂಟಿನ್ಯಾಗ ನೋಡಿದ್ರಿ ಇದನ್ನ?"

"ನಿಘಂಟ್ಯಾಕ್ರಿ? ಅಂಚಿನ್ಯಾಗ ಪೆನ್ಸಿಲ್‌ನಿಂದ ಬರದೈತೆಲ್ಲ. ನಿಮಗೂ ಕಾಕಾನ ಕೊಟ್ಟಾರ, ನಿಮ್ಮದರಾಗೂ ಇರಬೇಕು ನೋಡ್ರಿ."

ಮೇಡಮ್ಮು ತಮ್ಮ ಪ್ರತಿ ತೆಗೆದು ಹಾಳೆ ತಿರುವಿದರು. ಅಂಚುಗಳು ಬೆಳ್ಳಗಿದ್ದವು. ಡಾಕ್ಟರರ ಕೈಯಲ್ಲಿ ಕಾಕಾ ಕೊಟ್ಟ ಬೇರೊಂದು ಪುಸ್ತಕವಿತ್ತು, ಅದೂ ಬೆಳ್ಳಗಿತ್ತು. ಮೇಡಮ್ಮು ನನ್ನ ಪುಸ್ತಕ ಇಸಿದುಕೊಂಡು ಗಟ್ಟಿಯಾಗಿ ಓದತೊಡಗಿದರು. "ದಿಗ್ಭ್ರಮೆ: ಗ್ವಾಡಿ ಕಟ್ಟಿ ಮುಗದ ಮ್ಯಾಲೆ ಬಾಗಲಾ ಬಿಟ್ಟಿಲ್ಲಂತ ಗೊತ್ತಾದಾಗ ಆಗೋದು." ಎಲ್ಲರೂ ನಕ್ಕರು. "ಪ್ರತೀಕ್ಷೆ: ಸ್ಲ್ಯಾಬ್ ಹಾಕಿ, ದಿನಾ ನೀರ ಹೊಡಕೋತ, ಗಟ್ಟಿ ಆಗೂತನಕಾ ಕಾಯೋದು." ಈ ಸಲ ಯಾರೂ ನಗಲಿಲ್ಲ.

ನಾನು ಇಷ್ಟು ವರ್ಷ ಇದು ಕಾಕಾನ ಹುಚ್ಚು, ಎಲ್ಲರ ಪುಸ್ತಕದಲ್ಲೂ ಹೀಗೇ ಎಂದುಕೊಂಡಿದ್ದೆ. ಗೋಡೆ, ಬಾಗಿಲು, ಸ್ಲ್ಯಾಬಿಲ್ಲದೆ ಶಬ್ದಗಳಿಗೆ ಬೇರೆ ಅರ್ಥವೂ ಇರುತ್ತದೆಂದು ನನಗೇನು ಗೊತ್ತು?

ಕಾಕಾ ಚಹಾ ನೋಡಿ ಬರುತ್ತೇನೆಂದು ಎದ್ದರು. ಕಾಕೂ ಬಾಗಿಲಿಗೆ ಅಡ್ಡ ನಿಂತರು. "ಚಹಾ ಆಗೇತಿ, ಕುಂದರ್ರಿ" ಎಂದು ಹೇಳಿ ನನ್ನ ಕಡೆ ತಿರುಗಿದರು. "ಪ್ರತಿ ಪುಸ್ತಕಾ ಎರಡೆರಡು ತರತಾರ. ಒಂದು ಮಂದಿಗೆ, ಒಂದು ನಿನಗ. ನಿಂದನ್ನ ಮೊದಲ ತಾವು ಓದಿ, ಬರದು, ಆಮ್ಯಾಲೆ ಕಳಸ್ತಾರ. ನೀ ತಿರುಗಿ ಕೊಟ್ಟವೂ ಬ್ಯಾರೆ ಕಪಾಟಿನ್ಯಾಗ ಅದಾವ."

ನಾನು ಹೋಗಿ ಕಪಾಟು ತೆಗೆದೆ. ಮೊದಲ ಆರು ವರ್ಷ ನಾನು ಅರ್ಧಕ್ಕೂ ಮುಟ್ಟದೆ ತಿರುಗಿ ಕೊಟ್ಟಿದ್ದ ಪುಸ್ತಕಗಳೂ ಇದ್ದವು. ಒಂದನ್ನು ಬಿಚ್ಚಿದೆ. ಪೆನ್ಸಿಲ್ಲು ಕೊನೆಯ ಪುಟದವರೆಗೂ ನಡೆದಿತ್ತು. ಇನ್ನೊಂದು ಬಿಚ್ಚಿದೆ. ಅದರಲ್ಲೂ ಹಾಗೇ. ರಜೆಯ ದಿನ ನನ್ನ ಕೆಲಸದ ಜಾಗಕ್ಕೆ ಬಂದು, "ಇದಕ್ಕ ಏನಂತೀರಿ? ಅದಕ್ಕ ಏನಂತೀರಿ?" ಎಂದು ಕಾಕಾ ತಲೆ ತಿನ್ನುತ್ತಿದ್ದುದು ಈ ಕೆಲಸಕ್ಕೆ!

"ಮೊದಲ ಹೇಳಬಾರದಿತ್ತೇನು ಕಾಕಾ?"

"ಹೇಳಿದ್ರ ನೀ ಇಸಕೊಂತಿದ್ದೇನಲೇ? ನಿನ್ನ ಸೊಕ್ಕು ನನಗ ಗೊತ್ತಿಲ್ಲೇನು?" ಕಾಕಾ ನನ್ನ ಮುಖ ನೋಡದೆ ಗದರಿದರು. "ಅದಿರಲಿ. ಪುಸ್ತಕಾ ಯಾರಿಗಂತ ಹೇಳಲೇ ಇಲ್ಲ ನೀ. ನಿಯಮ ನಿಯಮಾನ."

ಇಡೀ ಪಡಸಾಲೆ ನನ್ನನ್ನೇ ನೋಡುತ್ತಿತ್ತು. ನಾನು ಮೇಡಮ್ಮಿನ ಕೈಯಿಂದ ನನ್ನ ಪುಸ್ತಕ ತೆಗೆದುಕೊಂಡೆ.

"ಯಾರಿಗೂ ಕೊಡಂಗಿಲ್ಲ ಕಾಕಾ. ಇದು ನಂದು."

ಕಾಕಾ ನಿಯಮದ ಮಾತನ್ನು ಮತ್ತೆ ಎತ್ತಲಿಲ್ಲ. ಸಂಜೆಯ ಬಸ್ಸಿಗೆ ಕಪಾಟಿನ ಪುಸ್ತಕಗಳನ್ನೆಲ್ಲ ಎರಡು ಚೀಲಗಳಲ್ಲಿ ತುಂಬಿ, ತಾವೇ ಹೊತ್ತು ತಂದು, ನನ್ನ ಸೀಟಿನ ಕೆಳಗೆ ಇಟ್ಟು ಇಳಿದರು.

ಈಗ ನನ್ನ ಹತ್ತಿರ ನಾನೇ ಕಟ್ಟಿದ ಮೂರು ಕೋಣೆಯ ಮನೆ ಇದೆ. ಗಾರೆ ಮೆತ್ತುವ ಎರಡು ಥಾಪಿ, ಗೋಡೆಯ ನೇರ ನೋಡುವ ಒಂದು ಒಳಂಬ ಇವೆ. ಎಪ್ಪತ್ತೆಂಟು ಪುಸ್ತಕಗಳಿವೆ. ಒಬ್ಬರು ಕಾಕಾ ಇದ್ದಾರೆ.